ದೇವರಿಗೆ ಬಿಟ್ಟ ಕರು

ತಮಿಳುನಾಡಿನ ಕಂಬಂ ಕಣಿವೆಯ ಕಾಮಾಕ್ಷಿಯಮ್ಮಾಳ್ ಹಟಕ್ಕೆ ಬಿದ್ದಿದ್ದರು. ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ಆಪರೇಷನ್ ಆಗಿ ಇನ್ನೂ ವರ್ಷ ತುಂಬಿಲ್ಲ, ಮರುತಪಾಸಣೆಗೆ ಹೋಗುವುದಿಲ್ಲವಂತೆ! ಗುಣವಾದ ಖುಷಿಯಲ್ಲಿ ಹಸುವಿನ ಚೊಚ್ಚಲ ಕರುವನ್ನು ಹರಕೆಯಂತೆ, ದೇವರ ಹೆಸರಲ್ಲಿ ಊರವರು ಸಾಕುವ ಮಂದೆಗೆ ಬಿಟ್ಟಾಗಿತ್ತು.

"ಹರಕೆ ತೀರಿಸಿದ ಮೇಲೂ ಪರೀಕ್ಷೆಗೆ ಅಂತ ರಕ್ತ ಕೊಡಕ್ಕೆ ಹೋದ್ರೆ ಸಾಮಿಯನ್ನ ನಂಬಲಿಲ್ಲ ಅಂತಾಗತ್ತೆ ಕಣೇ" ಎಂದರು, ಮನೆಗೆ ಬಂದ ನರ್ಸ್ ಮುತ್ತುಸೆಲ್ವಿಗೆ.

ಮುತ್ತುಸೆಲ್ವಿ ಅದೇ ಬೀದಿಯ ಹುಡುಗಿ. "ಅಯ್ಯೋ ಅತ್ತೆ, ಸಾಮಿ ಬ್ಯಾಡ ಅಂದ್ನಾ? ಈ ಕಾಯಿಲೆ ಕೆಲವರಿಗೆ ತಿರುಗಿ ಬರತ್ತೆ. ರಕ್ತದಲ್ಲಿ ಬಿಳಿ ಕಣ ಹೆಂಗಿದೆ, ಒಳಗೆ ಉರಿಯೂತ ಇದೆಯಾ ಅಂತ ನೋಡ್ತಾರೆ. ಯಾರಿಗೆ ಅಪಾಯ ಜಾಸ್ತಿ ಅಂತ ಅಂದಾಜು ಮಾಡಕ್ಕೆ ಅದೂ ಒಂದು ನೆರವು."

"ರಕ್ತ ಒಂದೇ ಎಲ್ಲಾ ಹೇಳ್ಬುಡತ್ತಾ?"

"ಇಲ್ಲತ್ತೆ. ಜ್ವರ, ಗಾಯ ಆದ್ರೂ ಅದು ಏರುಪೇರಾಗತ್ತೆ. ಅದಕ್ಕೇ ಡಾಕ್ಟರು ಮೈ ಪರೀಕ್ಷೆನೂ ಮಾಡ್ತಾರೆ, ಬೇಕಾದ್ರೆ ಸ್ಕ್ಯಾನ್ ಮಾಡಿಸ್ತಾರೆ."

ಕಾಮಾಕ್ಷಿಯಮ್ಮಾಳ್ ಜಗ್ಗಲಿಲ್ಲ. ಆದರೆ ಮನಸ್ಸಿನಲ್ಲಿ ಒಂದೇ ಹಂಬಲ. ದಿಂಡಿಗಲ್‌ನಲ್ಲಿರುವ ಮಗಳು ಮಣಿಮೇಗಲೈ ತುಂಬು ಬಸುರಿ. ಅವಳಿಗೆ ಮನೆಮಾತು ಕನ್ನಡ ಅರ್ಥವಾಗುತ್ತದೆ, ನಾಲಿಗೆ ಮಾತ್ರ ತಮಿಳಿನ ಕಡೆಗೇ ಓಡುತ್ತದೆ. ಹುಟ್ಟುವ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ತಾನೇ ಕನ್ನಡ ಕಲಿಸಬೇಕು, ಅದರ ಬಾಯಲ್ಲಿ ಒಮ್ಮೆ 'ಅಜ್ಜೀ' ಅನ್ನಿಸಿಕೊಳ್ಳಬೇಕು! ಅಷ್ಟು ದಿನ ಇರುತ್ತೇನೋ ಇಲ್ಲವೋ ಎಂಬ ಚಿಂತೆಯೂ ಬಿಟ್ಟಿರಲಿಲ್ಲ.

ಸಂಜೆ ಕರುವಿನ ನೆನಪು ಕಾಡಿ ದೇವರ ದೊಡ್ಡಿಗೆ ಹೋದರು. ಮಂದೆ ಕಾಯುವ ಪಾಂಡಿ ಅದೇ ಕರುವಿನ ಬಾಯಿ ತೆರೆಸಿ, ಗೊರಸು ಎತ್ತಿ ನೋಡುತ್ತಿದ್ದ.

"ಸಾಮಿ ಕರುವಿಗೇನು ರೋಗ ಬರತ್ತಪ್ಪಾ?"

"ಸಾಮಿದು ಅಂತಲೇ ದಿನಾ ನೋಡೋದು, ಅಕ್ಕಾ. ನಂಬಿ ಒಪ್ಪಿಸಿದ್ದನ್ನ ನೋಡ್ಕೊಳ್ದೆ ಇರಕ್ಕಾಗತ್ತಾ?"

ಕಾಮಾಕ್ಷಿಯಮ್ಮಾಳ್ ಕರುವಿನ ಕತ್ತು ಸವರುತ್ತ ನಿಂತುಬಿಟ್ಟರು. ಈ ಮೈಯನ್ನೂ ಸಾಮಿಯೇ ಅಲ್ಲವೇ ಉಳಿಸಿ ನನ್ನ ಕೈಗೆ ಒಪ್ಪಿಸಿದ್ದು?

ಮರುದಿನ ಬೆಳಿಗ್ಗೆ ಗಂಡ ಈಶ್ವರನ್ ಚಪ್ಪಲಿ ಮೆಟ್ಟುವ ಮೊದಲೇ ಕಾಮಾಕ್ಷಿಯಮ್ಮಾಳ್ ತೇನಿಯ ಆಸ್ಪತ್ರೆಗೆ ಹೋಗಲು ಬಸ್ಸಿಗೆ ನಿಂತಾಗಿತ್ತು. ಮಗಳಿಗೆ ಫೋನ್ ಮಾಡಿದರು. "ರಕ್ತ ಕೊಡಕ್ಕೆ ಹೊರಟೆ ಕಣವ್ವಾ. ಕೂಸಿಗೆ ಮಾತು ಕಲ್ಸೋರು ಬ್ಯಾಡ್ವಾ?"

ಆ ಕಡೆಯಿಂದ ಮಣಿಮೇಗಲೈ ತಡವರಿಸುತ್ತ ಮನೆಮಾತಿನಲ್ಲೇ ಅಂದಳು: "ಬೇಕು ಅಮ್ಮಾ. ನೀ ಬೇಕು."

ಅಕ್ಕಂದಿರೇ, ಆಪರೇಷನ್ ಮುಗಿಯಿತೆಂದು ಸುಮ್ಮನಾಗಬೇಡಿ. ವೈದ್ಯರು ಹೇಳಿದ ದಿನ ಮರುತಪಾಸಣೆಗೆ ಹೋಗಿ. ರಕ್ತಸ್ರಾವ, ವಾಸನೆಯ ಬಿಳಿಸೆರಗು, ಬಿಡದ ಸೊಂಟನೋವು, ಕಾಲು ಊತ ಕಂಡರೆ ಆ ದಿನಕ್ಕೂ ಕಾಯಬೇಡಿ. ಹರಕೆಯನ್ನು ಧಾರಾಳವಾಗಿ ತೀರಿಸಿ. ನಿಮ್ಮ ದಾರಿ ನೋಡುತ್ತಿರುವವರಿಗಾಗಿ ತಪಾಸಣೆಯನ್ನೂ ಮಾಡಿಸಿ.