ಏರಿನಲ್ಲಿ ನಿಂತ ಗಾಡಿ

ಸುಮನಾ ಬೆಳಿಗ್ಗೆ ಪಂಚಾಯ್ತಿ ಶೆಡ್ಡಿನಲ್ಲಿ ಗಾಡಿ ಸ್ಟಾರ್ಟ್ ಮಾಡಿದಳೆಂದರೆ, ಮತ್ತೆ ಅದನ್ನು ಬಂದ್ ಮಾಡುತ್ತಿದ್ದುದು ಕಸವನ್ನೆಲ್ಲ ವಿಲೇವಾರಿ ಘಟಕದಲ್ಲಿ ಇಳಿಸಿದ ಮೇಲೆಯೇ. ನಡುವೆ ಎಷ್ಟು ಮನೆ ಬಂದರೂ, ಎಷ್ಟು ಹೊತ್ತು ನಿಂತರೂ ಎಂಜಿನ್ ಗುಡುಗುಡು ಎನ್ನುತ್ತಲೇ ಇರಬೇಕು. ಹಸಿರು ಬಣ್ಣದ ಪುಟ್ಟ ಡೀಸೆಲ್ ಲಾರಿ ಅದು. ನಿಟ್ಟೂರಿನಿಂದಾಚೆ ಗುಡ್ಡದ ಮೇಲೂ ಕೆಳಗೂ ಚದುರಿಕೊಂಡ ನಾಲ್ಕಾರು ಊರುಗಳ ಕಸ ಅದರ ಪಾಲಿನದು. ಸುಮನಾ ಡ್ರೈವರ್. ಜನರ ಕೈಯಿಂದ ಬುಟ್ಟಿ, ಚೀಲ ಇಸಿದುಕೊಂಡು ಗಾಡಿಗೆ ಸುರಿಯುವವಳು ಮೀನಾಕ್ಷಮ್ಮ. ಐವತ್ತು ದಾಟಿದವಳು, ಬಾಯಿ ಜೋರು, ಕೈ ಅದಕ್ಕಿಂತ ಜೋರು.

"ಸ್ವಲ್ಪ ಹೊತ್ತಾದ್ರೂ ಬಂದ್ ಮಾಡೆ ಮಾರಾಯ್ತಿ. ಹಿಂದೆ ನಿಂತ್ಕಂಡು ಹೊಗೆ ಕುಡಿಯೋಳು ನಾನು," ಎಂದು ಅವಳು ಆಗಾಗ ಗೊಣಗುತ್ತಿದ್ದಳು.

"ಡೀಸೆಲ್ ಗಾಡಿ ಅಕ್ಕಾ. ಪದೇಪದೇ ಬಂದ್ ಮಾಡಿದ್ರೆ ಸೆಲ್ಫ್ ಸ್ಟಾರ್ಟರ್ ಹೋಗ್ತದೆ. ನಮ್ ಮಾವ ಹೇಳಿದಾರೆ."

ಮಾವನ ಹೆಸರು ಬಂದರೆ ಮೀನಾಕ್ಷಮ್ಮ ಸುಮ್ಮನಾಗುತ್ತಿದ್ದಳು. ಭೂತಪ್ಪನೆಂದರೆ ಆ ಸೀಮೆಗೆಲ್ಲ ಗೊತ್ತು. ತೀರ್ಥಹಳ್ಳಿ, ಸಾಗರ, ಹೊಸನಗರ ಎಂದು ಮರದ ದಿಮ್ಮಿ, ಹಂಚು, ಭತ್ತ ಹೊತ್ತ ಲಾರಿಗಳನ್ನು ಮೈಯಲ್ಲಿ ಶಕ್ತಿ ಇರುವವರೆಗೂ ಓಡಿಸಿದವರು. ಅವರ ಮಾತಿಗೆ ಎದುರಾಡುವುದುಂಟೇ?

ಆದರೆ ಸುಮನಾ ಚಾವಿ ಮುಟ್ಟದಿರಲು ನಿಜವಾದ ಕಾರಣ ಮಾವನ ಮಾತಲ್ಲ. ಕಾರಣ, ಮತ್ತಿಕೊಪ್ಪದ ಏರು.

ಸ್ತ್ರೀಶಕ್ತಿ ಸಂಘದಿಂದ ಆಯ್ಕೆಯಾಗಿ, ಸಾಗರದಲ್ಲಿ ಒಂದು ತಿಂಗಳು ತರಬೇತಿ ಪಡೆದು, ಲೈಸೆನ್ಸ್ ಹಿಡಿದು ಬಂದ ಮೊದಲ ದಿನ ನಡೆದದ್ದು ಅದು. ಮತ್ತಿಕೊಪ್ಪದಲ್ಲಿ ರಸ್ತೆ ಮೇಲಕ್ಕೇರಿ ತಿರುಗುವ ಜಾಗದಲ್ಲಿ ಗುತ್ಯಮ್ಮನೆಂಬ ಮುದುಕಿಯ ಮನೆ. ಒಳಗಿನ ಓಣಿಯ ಹತ್ತಾರು ಮನೆಯವರೂ ಅಲ್ಲಿಗೇ ಬಂದು ಕಸ ಕೊಡುತ್ತಾರೆ. ಎದುರಿಗೆ ಬೆಳ್ಳಪ್ಪನ ಚಾದ ಅಂಗಡಿ. ಅವತ್ತು ಕಸ ತುಂಬಿಕೊಂಡು ಹೊರಡುವಾಗ ಗಾಡಿ ಆಫ್ ಆಯಿತು. ಮತ್ತೆ ಸ್ಟಾರ್ಟ್ ಮಾಡಿದಳು, ಕ್ಲಚ್ ಬಿಟ್ಟಳು, ಮತ್ತೆ ಆಫ್. ಮೂರನೆಯ ಸಲ ಗಾಡಿ ಹಿಂದಕ್ಕೆ ಸರಿದು ಗುತ್ಯಮ್ಮನ ಬೇಲಿಗೆ ಒರಗಿ ನಿಂತಿತು. ಚಾ ಕುಡಿಯುತ್ತಿದ್ದವರು ಗೊಳ್ಳೆಂದು ನಕ್ಕರು. "ಮುಂದಕ್ಕೆ ಹೋಗ್ಲಿಕ್ಕೆ ಸಾಗರದಲ್ಲಿ ಕಲಿಸ್ಲಿಲ್ವೇನಮ್ಮಾ?" ಎಂದು ಬೆಳ್ಳಪ್ಪ ಕೂಗಿ ಕೇಳಿದ. ಕೊನೆಗೆ ಬೇರೆ ಯಾರೋ ಹತ್ತಿ ಗಾಡಿಯನ್ನು ಏರು ದಾಟಿಸಿಕೊಟ್ಟರು. ಸುಮನಾ ಪಕ್ಕದಲ್ಲಿ ತಲೆ ತಗ್ಗಿಸಿ ನಡೆದಳು.

ಅಂದಿನಿಂದ ಅವಳಿಗೆ ಒಂದೇ ಹಟ. ಎಂಜಿನ್ ನಿಲ್ಲಬಾರದು. ನಿಂತರೆ ತಾನೆ ಮತ್ತೆ ಹೊರಡಿಸಬೇಕಾದದ್ದು? ಕಾಲು ಕ್ಲಚ್ಚಿನ ಮೇಲೆ, ಬ್ರೇಕಿನ ಮೇಲೆ ನೋಯುತ್ತಿದ್ದರೂ ಗಾಡಿಯನ್ನು ಹಿಡಿದುಕೊಂಡೇ ಕೂರುತ್ತಿದ್ದಳು. ಹೊಗೆ ಎಲ್ಲಿಗೆ ಹೋಗುತ್ತದೆ ಎಂದು ನೋಡುವ ವ್ಯವಧಾನ ಅವಳಿಗಿರಲಿಲ್ಲ.

ಹೊಗೆ ಹೋಗುತ್ತಿದ್ದುದು ಗುತ್ಯಮ್ಮನ ಜಗಲಿಗೆ. ಜಗಲಿಯಲ್ಲಿ ಕೂತು ಅಬ್ಬಲಿಗೆ ದಂಡೆ ಕಟ್ಟುವುದು ಆ ಅಜ್ಜಿಯ ಬೆಳಗಿನ ಕೆಲಸ. ಒಂದು ದಿನ ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಗಾಡಿಯ ಕಿಟಕಿಯವರೆಗೂ ಬಂದಳು.

"ತಂಗೀ, ನಂಗೆ ದಮ್ಮು. ಇಲ್ಲಿ ನಿಲ್ಸಿದಾಗ ಒಂಚೂರು ಬಂದ್ ಮಾಡ್ತೀಯಾ?"

ಸುಮನಾ ಚಾದ ಅಂಗಡಿಯ ಕಡೆ ನೋಡಿದಳು. ಬೆಳ್ಳಪ್ಪ ಇತ್ತಲೇ ನೋಡುತ್ತಿದ್ದ.

"ಡೀಸೆಲ್ ಗಾಡಿ ಅಜ್ಜೀ. ಬಂದ್ ಮಾಡಿದ್ರೆ ಸೆಲ್ಫ್ ಹೋಗ್ತದೆ."

"ಹೌದಾ," ಎಂದಳು ಗುತ್ಯಮ್ಮ. ಹೂವಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮರುದಿನದಿಂದ ಗಾಡಿಯ ಸದ್ದು ಕೇಳಿದೊಡನೆ ಆ ಬಾಗಿಲು ಮುಚ್ಚುತ್ತಿತ್ತು. ಕಸದ ಚೀಲ ಮೊದಲೇ ಮೆಟ್ಟಿಲ ಮೇಲಿರುತ್ತಿತ್ತು.

ಮಳೆಗಾಲ ಕಳೆದು ಇಬ್ಬನಿ ಬೀಳುವ ಹೊತ್ತಿಗೆ ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಚೀಲವೂ ಇರಲಿಲ್ಲ. ಮೀನಾಕ್ಷಮ್ಮ ಓಣಿಯವರನ್ನು ಕೇಳಿಕೊಂಡು ಬಂದಳು. "ಗುತ್ಯಮ್ಮನಿಗೆ ಉಸಿರು ಕಟ್ಟಿ ಹೊಸನಗರದ ಆಸ್ಪತ್ರೆಗೆ ಸೇರ್ಸಿದಾರಂತೆ. ಮಗ, ಸೊಸೆ ಅಲ್ಲೇ ಇದಾರಂತೆ."

ಸುಮನಾ ಮುಚ್ಚಿದ ಬಾಗಿಲ ಕಡೆ ನೋಡಿದಳು.

"ನಿನ್ ಗಾಡಿಯಿಂದ್ಲೇ ಅಂತ ನಾನು ಹೇಳಲ್ಲ," ಮೀನಾಕ್ಷಮ್ಮ ಮೆಲ್ಲಗೆ ಹೇಳಿದಳು. "ಹಳೇ ದಮ್ಮು. ಚಳಿಗೂ ಆಗ್ತದೆ, ಒಲೆ ಹೊಗೆಗೂ ಆಗ್ತದೆ. ಆದ್ರೂ..."

ಆ 'ಆದ್ರೂ' ಸುಮನಾಳ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಮನೆಗೆ ಬಂದವಳು ಅರ್ಧ ಊಟಕ್ಕೇ ಎದ್ದಳು. ಗಂಡ ರವೀಶ್ ಕಾರ್ಗಲ್‌ಗೆ ವೈರಿಂಗ್ ಕೆಲಸಕ್ಕೆಂದು ಹೋಗಿದ್ದ. ಮಾವ ಹಿತ್ತಲಿನಲ್ಲಿ ಕತ್ತಿ ಮಸೆಯುತ್ತಿದ್ದರು. ಅವರ ಹತ್ತಿರ ಹೋಗಿ ನಿಂತಳು.

"ಮಾವ, ಡೀಸೆಲ್ ಗಾಡಿನ ಪದೇಪದೇ ಬಂದ್ ಮಾಡ್ಬಾರ್ದು ಅಂತ ನೀವು ಹೇಳ್ತಿದ್ರಲ್ಲ, ಎಂತಕ್ಕೆ?"

ಭೂತಪ್ಪ ಕತ್ತಿ ಕೆಳಗಿಟ್ಟರು. "ನಮ್ ಲಾರಿ ಕಥೆ ಅದು. ಬ್ಯಾಟ್ರಿ ಸತ್ತು ವರ್ಷ ಆಗಿರ್ತಿತ್ತು, ಧಣಿ ಹೊಸದು ಹಾಕ್ಸಿಕೊಡ್ತಿರ್ಲಿಲ್ಲ. ಬಂದ್ ಮಾಡಿದ್ರೆ ತಳ್ಳೋರು ಯಾರು? ಅದ್ಕೆ ಊಟಕ್ಕೆ ಹೋದ್ರೂ ಸ್ಟಾರ್ಟಲ್ಲೇ ಬಿಟ್ ಹೋಗ್ತಿದ್ವಿ. ಇಲ್ಲಾಂದ್ರೆ ಇಳಿಜಾರು ಹುಡುಕಿ ನಿಲ್ಲಿಸ್ತಿದ್ವಿ. ನಿನ್ ಗಾಡಿ ಹೊಸದಲ್ವಾ? ಅದಕ್ಕೇನು ಧಾಡಿ? ದೊಡ್ ಏರು ಹತ್ತಿ ಬಂದಿದ್ರೆ ಒಂದ್ ನಿಮಿಷ ಉಸಿರಾಡ್ಲಿಕ್ಕೆ ಬಿಡು, ಆಮೇಲೆ ಬಂದ್ ಮಾಡು. ಅಷ್ಟೇ."

ಸುಮನಾ ಮತ್ತಿಕೊಪ್ಪದ ಏರಿನ ಸಂಗತಿಯನ್ನೂ, ಅಂಗಡಿಯವರ ನಗುವನ್ನೂ, ಗುತ್ಯಮ್ಮನ ಮುಚ್ಚಿದ ಬಾಗಿಲನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಹೇಳುತ್ತ ಹೇಳುತ್ತ ಕಣ್ಣು ತುಂಬಿತು.

ಮಾವ ಬೈಯುತ್ತಾರೆಂದುಕೊಂಡಿದ್ದಳು. ಅವರು ಬೈಯಲಿಲ್ಲ. ಹೆಗಲ ಮೇಲಿನ ಟವೆಲ್ ಕೊಡವಿ ಎದ್ದರು. "ನಾಳೆ ಕಸ ಇಳ್ಸಿದ್ ಮೇಲೆ ಘಟಕದ ಹತ್ರ ನಿಂತಿರು. ನಾ ಬರ್ತೀನಿ."

ಕಸದ ಘಟಕ ಊರಾಚೆಯ ಬೋಳುಗುಡ್ಡದ ಮೇಲಿತ್ತು. ಅಲ್ಲಿಗೆ ಹತ್ತುವ ಮಣ್ಣಿನ ರಸ್ತೆ ಮತ್ತಿಕೊಪ್ಪದ ಏರಿಗಿಂತಲೂ ಕಡಿದು. ಭೂತಪ್ಪ ಒಂದು ದಪ್ಪ ಕಲ್ಲು ಹಿಡಿದು ಹಿಂದಿನ ಚಕ್ರದ ಪಕ್ಕ ನಿಂತರು. "ಇಲ್ಲೇ, ನಡು ಏರಿನಲ್ಲೇ ಬಂದ್ ಮಾಡು. ಹ್ಯಾಂಡ್ ಬ್ರೇಕ್ ಎಳಿ. ಹೆದ್ರಬೇಡ, ಚಕ್ರಕ್ಕೆ ಕಲ್ಲು ಕೊಡ್ತೀನಿ."

ಅವಳು ಚಾವಿ ತಿರುಗಿಸಿದಳು. ಎಂಜಿನ್ ನಿಂತಿತು. ಎದೆ ಮಾತ್ರ ಓಡುತ್ತಿತ್ತು.

"ಈಗ ಸ್ಟಾರ್ಟ್ ಮಾಡು. ಫಸ್ಟ್ ಹಾಕು. ಕ್ಲಚ್ ಪೂರ್ತಿ ಬಿಡ್ಬೇಡ, ಅರ್ಧಕ್ಕೆ ತಗೋ. ಎಂಜಿನ್ ಸದ್ದು ಒಂಚೂರು ಭಾರ ಆಗ್ತದೆ ನೋಡು, ಕಿವಿಯಿಟ್ಟು ಕೇಳು. ಭಾರ ಆಯ್ತು ಅಂದ್ರೆ ಗಾಡಿ ತನ್ನ ಹೊರೆ ಹೊತ್ಕಂಡ್ತು ಅಂತ ಲೆಕ್ಕ. ಆವಾಗ ರೇಸ್ ಕೊಟ್ಟು ಹ್ಯಾಂಡ್ ಬ್ರೇಕ್ ಬಿಡು."

ಮೊದಲ ಸಲ ಆಫ್ ಆಯಿತು. ಎರಡನೆಯ ಸಲವೂ. ಮತ್ತೊಮ್ಮೆ ಹಿಂದಕ್ಕೆ ಸರಿದು ಕಲ್ಲಿಗೆ ತಗುಲಿತು. ಸುಮನಾ ಹಿಂದಿರುಗಿ ನೋಡಿದರೆ ಮಾವನ ಮುಖದಲ್ಲಿ ನಗುವೂ ಇಲ್ಲ, ಬೇಸರವೂ ಇಲ್ಲ.

"ಮತ್ತೆ," ಎಂದರು ಅಷ್ಟೇ.

ಬಿಸಿಲು ಇಳಿಯುವ ಹೊತ್ತಿಗೆ ಅವಳ ಕಿವಿಗೆ ಆ ಸದ್ದು ಸಿಕ್ಕಿತು. ಗಂಟಲು ಬಿಗಿಹಿಡಿದಂತೆ ಎಂಜಿನ್ ಒಮ್ಮೆ ತಗ್ಗಿತು, ಗಾಡಿಯ ಮೂತಿ ತುಸು ಎದ್ದಂತಾಯಿತು. ಹ್ಯಾಂಡ್ ಬ್ರೇಕ್ ಬಿಟ್ಟಳು. ಗಾಡಿ ಒಂದು ಗೇಣೂ ಹಿಂದೆ ಸರಿಯದೆ ಏರು ಹತ್ತಿತು. ಮೇಲೆ ನಿಂತು ನೋಡಿದರೆ ಭೂತಪ್ಪ ಕಲ್ಲನ್ನು ಪಕ್ಕಕ್ಕೆ ಎಸೆದು, ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಬರುತ್ತಿದ್ದರು.

ಮರುದಿನ ಮತ್ತಿಕೊಪ್ಪದಲ್ಲಿ ಅವಳು ಗಾಡಿ ಬಂದ್ ಮಾಡಿದಳು. ಚಾದ ಅಂಗಡಿಯವರು ತಲೆಯೆತ್ತಿದರು. ಓಣಿಯ ಹೆಂಗಸರು ಕಸ ತಂದು ಕೊಟ್ಟರು, ಗಾಡಿ ಬಂತೆಂದು ಜನರಿಗೆ ತಿಳಿಸುವ ಮೈಕಿನ ಹಾಡು ತನ್ನ ಪಾಡಿಗೆ ಮೊಳಗುತ್ತಿತ್ತು. ಸುಮನಾ ಸ್ಟಾರ್ಟ್ ಮಾಡಿ, ಸದ್ದಿಗೆ ಕಿವಿಗೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು ಹೊರಟೇಬಿಟ್ಟಳು. ಕನ್ನಡಿಯಲ್ಲಿ ಬೆಳ್ಳಪ್ಪ ಸೌಟು ಹಿಡಿದು ಹಾಗೇ ನಿಂತಿದ್ದು ಕಾಣಿಸಿತು.

ಗುತ್ಯಮ್ಮ ಆಸ್ಪತ್ರೆಯಿಂದ ಬಂದಳೆಂದು ಮೀನಾಕ್ಷಮ್ಮ ಸುದ್ದಿ ತಂದಳು. ಆದರೂ ಬಾಗಿಲು ಮುಚ್ಚಿಯೇ ಇರುತ್ತಿತ್ತು. ಸುಮನಾ ದಿನವೂ ಅಲ್ಲಿ ಬಂದ್ ಮಾಡುತ್ತಿದ್ದಳು. ಒಂದು ವಾರಕ್ಕೆ ಬಾಗಿಲು ಅರ್ಧ ತೆರೆಯಿತು. ಇನ್ನೊಂದು ವಾರಕ್ಕೆ ಅಜ್ಜಿ ಹೂವಿನ ಬುಟ್ಟಿಯೊಂದಿಗೆ ಜಗಲಿಗೆ ಬಂದಳು. ಸ್ವಲ್ಪ ಇಳಿದುಹೋಗಿದ್ದಳು.

ಸುಮನಾ ಗಾಡಿಯಿಂದಿಳಿದು ಮೆಟ್ಟಿಲ ಬಳಿ ನಿಂತಳು. "ಅಜ್ಜೀ, ಅವತ್ತು ಸೆಲ್ಫ್ ಹೋಗ್ತದೆ ಅಂದಿದ್ದು ಸುಳ್ಳು. ನಂಗೆ ಈ ಏರು ಅಂದ್ರೆ ಹೆದ್ರಿಕೆ ಇತ್ತು. ಮತ್ತೆ ಹೊರಡ್ಸಕ್ಕೆ ಬರ್ತಿರ್ಲಿಲ್ಲ."

ಗುತ್ಯಮ್ಮ ದಾರಕ್ಕೆ ಗಂಟು ಹಾಕುತ್ತಿದ್ದವಳು ತಲೆಯೆತ್ತಿದಳು. "ಅಯ್ಯೋ ಹುಡ್ಗೀ, ಹಾಗಂತ ಅವತ್ತೇ ಹೇಳಿದ್ರೆ ನಾನೇ ನಾಕು ದಿನ ಒಳಗೆ ಕೂತಿರ್ತಿದ್ದೆ. ನಂಗಿದ್ದ ಸಿಟ್ಟು ಹೊಗೆಗಲ್ಲ. ಮುದುಕಿ ಅಂತ ಏನೋ ಒಂದು ಹೇಳಿ ಸಾಗಹಾಕ್ದಳಲ್ಲ ಅಂತ."

ಹೀಗೆ ದಿನಗಳು ಚೆನ್ನಾಗಿಯೇ ಸಾಗುತ್ತಿದ್ದಾಗ, ಚಳಿ ಬಲಿತ ಒಂದು ಬೆಳಿಗ್ಗೆ ಅದೇ ಏರಿನಲ್ಲಿ ಸುಮನಾ ಚಾವಿ ತಿರುಗಿಸಿದರೆ 'ಟಕ್' ಎಂದಿತು, ಅಷ್ಟೇ. ಮತ್ತೆ ತಿರುಗಿಸಿದಳು. ಟಕ್. ಮೈಕಿನ ಹಾಡೂ ರಾಗ ಎಳೆದು ಎಳೆದು ನಿಂತುಹೋಯಿತು. ಯಾವುದಕ್ಕೆ ಅವಳು ತಿಂಗಳುಗಟ್ಟಲೆ ಹೆದರಿದ್ದಳೋ ಅದೇ, ಅದೇ ಜಾಗದಲ್ಲಿ, ಅದೇ ಜನರ ಎದುರಿಗೆ ಬಂದು ನಿಂತಿತ್ತು.

ಅವಳು ಹ್ಯಾಂಡ್ ಬ್ರೇಕ್ ಬಿಗಿಯಾಗಿದೆಯೇ ಎಂದು ನೋಡಿಕೊಂಡಳು. ಕೆಳಗಿಳಿದು ನೇರ ಅಂಗಡಿಗೆ ಹೋದಳು.

"ಬೆಳ್ಳಪ್ಪಣ್ಣ, ಬ್ಯಾಟ್ರಿ ಇಳ್ದೋಗಿದೆ. ಮೇಲಕ್ಕೆ ತಳ್ಳೋದು ಆಗದ ಮಾತು. ನಾನು ಬ್ರೇಕ್ ಹಿಡ್ಕಂಡು ನಿಧಾನಕ್ಕೆ ಹಿಂದೆ ತಗಂಡು ಸಮತಟ್ಟಿಗೆ ಇಳಿಸ್ತೀನಿ. ಹಿಂದಿಂದ ಯಾರೂ ಬರ್ದಂಗೆ ನೋಡ್ಕಳಿ. ಅಲ್ಲಿ ಎಲ್ರೂ ಸೇರಿ ಒಂದ್ ಕೈ ತಳ್ಳಿಕೊಡಿ."

ಒಬ್ಬರೂ ನಗಲಿಲ್ಲ. ಬೆಳ್ಳಪ್ಪ ಒಲೆಯ ಉರಿ ತಗ್ಗಿಸಿ, ಪಂಚೆ ಎತ್ತಿ ಕಟ್ಟಿಕೊಂಡು ಬಂದ. "ಬರ್ರೋ," ಎಂದು ಉಳಿದವರನ್ನೂ ಎಬ್ಬಿಸಿದ. ಅವನು ರಸ್ತೆ ಕಾದ, ಅವಳು ಗಾಡಿಯನ್ನು ಇಂಚಿಂಚೇ ಇಳಿಸಿದಳು. ಸಮತಟ್ಟಿನಲ್ಲಿ ಎಲ್ಲರೂ ಹೆಗಲು ಕೊಟ್ಟರು. ಗಾಡಿ ಓಟಕ್ಕೆ ಬಂದಾಗ ಸುಮನಾ ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟಳು. ಗಾಡಿ ಒಮ್ಮೆ ಮುಗ್ಗರಿಸಿ, ಕಪ್ಪು ಹೊಗೆ ಉಗುಳಿ, ಗುಡುಗುಡು ಎಂದಿತು.

"ಭೂತಪ್ಪನ ಸೊಸೆ ಹೌದು ಕಣಮ್ಮಾ!" ಎಂದ ಬೆಳ್ಳಪ್ಪ ಏದುಸಿರು ಬಿಡುತ್ತ.

ಅಷ್ಟರಲ್ಲಿ ಗುತ್ಯಮ್ಮ ತನ್ನ ಚೀಲ ಹಿಡಿದು ಮೆಲ್ಲಮೆಲ್ಲಗೆ ಏರು ಇಳಿದು ಬರುತ್ತಿದ್ದಳು. ಸುಮನಾ ಗಾಬರಿಯಾಗಿ ಕೂಗಿದಳು. "ಅಜ್ಜೀ, ಅಲ್ಲೇ ನಿಂತ್ಕಳಿ, ಹೊಗೆ!"

"ಗಾಳಿ ಆಕಡೆ ಬೀಸ್ತಿದೆ, ನಂಗೇನೂ ಆಗಲ್ಲ," ಎಂದು ಅಜ್ಜಿ ಚೀಲವನ್ನು ಮೀನಾಕ್ಷಮ್ಮನ ಕೈಗಿತ್ತಳು. "ಇವತ್ತು ಮಾತ್ರ ಬಂದ್ ಮಾಡ್ಬೇಡ ತಂಗೀ. ಸೀದಾ ಹೋಗು."

ಎಂಜಿನ್ ನಿಲ್ಲಿಸದೆಯೇ ಘಟಕದಲ್ಲಿ ಕಸ ಇಳಿಸಿ ಇಬ್ಬರೂ ಹೊಸನಗರಕ್ಕೆ ಹೋದರು. ಮೆಕ್ಯಾನಿಕ್ ಹೇರಂಬ ಬ್ಯಾಟರಿ ಬಿಚ್ಚಿ ನೋಡಿ, "ಗಾಡಿ ಬಂದ್ ಮಾಡಿದ್ದು ಸರಿ. ಜೊತೆಗೆ ಮೈಕೂ ಬಂದ್ ಮಾಡ್ಬೇಕಿತ್ತು. ಎಂಜಿನ್ ನಿಂತಾಗ ಹಾಡೆಲ್ಲ ಬ್ಯಾಟ್ರಿದೇ ಅನ್ನ ತಿನ್ನೋದು," ಎಂದ. ಬ್ಯಾಟರಿ ಚಾರ್ಜಿಗೆ ಹಾಕಿ ಇಬ್ಬರನ್ನೂ ಮಧ್ಯಾಹ್ನದವರೆಗೆ ಕೂರಿಸಿದ.

"ಹಾಡಿಲ್ದಿದ್ರೆ ಜನಕ್ಕೆ ಗಾಡಿ ಬಂದಿದ್ದು ಹೇಗೆ ಗೊತ್ತಾಗ್ಬೇಕು?" ಸುಮನಾ ಯೋಚನೆಗೆ ಬಿದ್ದಳು.

"ನಾನಿಲ್ವಾ?" ಎಂದಳು ಮೀನಾಕ್ಷಮ್ಮ. "ಒಂದ್ ಕೂಗು ಹಾಕಿದ್ರೆ ಕೊಡಚಾದ್ರಿಗೆ ಕೇಳ್ಬೇಕು."

ವಾಪಸು ಬರುವಾಗ ಗಾಡಿ ಖಾಲಿ, ರಸ್ತೆಯೂ ಖಾಲಿ. ಮೀನಾಕ್ಷಮ್ಮ ಮುಂದಿನ ಸೀಟಿನಲ್ಲಿ ಕೂತು ಕ್ಲಚ್, ಬ್ರೇಕ್ ತುಳಿಯುವ ಸುಮನಾಳ ಕಾಲನ್ನೇ ನೋಡುತ್ತಿದ್ದಳು.

"ಸುಮನಾ, ಒಂದ್ ಮಾತು. ನಗಾಡ್ಬಾರ್ದು."

"ಹೇಳಿ ಅಕ್ಕಾ."

"ಈ ವಯಸ್ಸಲ್ಲಿ ನಂಗೂ ಬರ್ತದಾ ಇದು?"

ಸುಮನಾ ನಗಲಿಲ್ಲ. ಗೇರು ತಗ್ಗಿಸುತ್ತ, "ಮೊದ್ಲು ಕಲಿಕೆ ಲೈಸೆನ್ಸ್ ಮಾಡ್ಸಾಣ. ಬರೋ ಸೋಮವಾರ ಆಧಾರ್ ಕಾರ್ಡ್ ತಗಂಡ್ ಬನ್ನಿ," ಎಂದಳು.