ಅಂಟದ ಕಾಯಿಲೆಗೆ ಅಂಜಿದ ಗುರುಮಲ್ಲಮ್ಮ

೧೯೫೬ನೇ ಇಸವಿಯ ಮಾತು. ಬೇಗೂರಿನ ಗುರುಮಲ್ಲಮ್ಮನ ಮನೆಯಲ್ಲಿ ಮೊಮ್ಮಗಳು ಹುಟ್ಟಿ ಇಪ್ಪತ್ತು ದಿನವಾಗಿತ್ತು. ಅಜ್ಜಿ ಇನ್ನೂ ಮಗುವನ್ನು ಮುಟ್ಟಿರಲಿಲ್ಲ. ಹೆರಿಗೆಗೆ ಸ್ವಲ್ಪ ಮುಂಚೆ ಆಸ್ಪತ್ರೆಯವರು ಅಜ್ಜಿಯ ಮೂತ್ರವನ್ನು ನೀಲಿ ಔಷಧಿಯಲ್ಲಿ ಕಾಯಿಸಿದಾಗ ಇಟ್ಟಿಗೆ ಬಣ್ಣ ಬಂದಿತ್ತು. ಸಕ್ಕರೆ ಕಾಯಿಲೆ ಅಂದರು. ಅವತ್ತೇ ಅವಳು ಚಾಪೆ ಸುತ್ತಿಕೊಂಡು ಕೊಟ್ಟಿಗೆ ಪಕ್ಕದ ಕೋಣೆ ಸೇರಿದಳು. ತಟ್ಟೆ ಬೇರೆ, ಚೊಂಬು ಬೇರೆ. ಯಾರೂ ಹೋಗು ಅಂದಿರಲಿಲ್ಲ. ಬಾ ಅಂದರೆ ಕೇಳುವ ಹೆಂಗಸೂ ಅಲ್ಲ. ಮಗು ಅತ್ತರೆ ಬಾಗಿಲವರೆಗೆ ಬಂದು ನಿಲ್ಲುವಳು, ಮತ್ತೆ ಹೋಗಿ ಒಬ್ಬಳೇ ಕೂರುವಳು. ತುಂಬಿದ ಮನೆಯಲ್ಲಿ ಒಂಟಿಯಾಗಿರುವುದು ಬಲು ಕಷ್ಟ.

ಬಾಣಂತಿಯನ್ನು ನೋಡಲು ಬಂದ ನರ್ಸಮ್ಮ ಶಿವರುದ್ರಮ್ಮ ವಿಷಯ ತಿಳಿದು ಸೀದಾ ಆ ಕೋಣೆಗೆ ನುಗ್ಗಿದಳು.

“ಒಳೀಕ್ ಬರ್ಬ್ಯಾಡಿ ಕಣವ್ವ, ಅಂಟ್ಕತದೆ!”

“ಯಾರಂದ್ರು?”

“ಯಾರನ್ಬೇಕು? ನಮ್ಮಪ್ಪಂಗೆ ಬಂತು, ಅಣ್ಣಂಗೆ ಬಂತು, ಈಗ ನಂಗೆ. ಅಂಟ್ದೆ ಇನ್ನೆಂಗ್ ಬಂತು?”

“ನಿಮ್ಮತ್ತಿಗೆ ಹತ್ತು ವರ್ಷ ಅಣ್ಣನ ಕಾಲಿನ ಹುಣ್ಣು ತೊಳುದ್ರಲ್ಲ, ಅವರಿಗ್ ಬಂತಾ?”

ಗುರುಮಲ್ಲಮ್ಮ ಚಾಪೆಯ ಅಂಚಿಗೆ ಸರಿದಳು. ಶಿವರುದ್ರಮ್ಮ ಪಕ್ಕದಲ್ಲೇ ಕೂತಳು.

“ಹೆತ್ತೋರಿಂದ ಬರೋದು ಕಾಯ್ಲೆಯಲ್ಲ ಅಕ್ಕ, ಅದಕ್ಕೆ ಬೇಗ ಸಿಕ್ಕೊಳೋ ಮೈಗುಣ. ಮಿಕ್ಕಿದ್ದು ಉಣ್ಣೋದು, ದುಡಿಯೋದ್ರ ಮೇಲೆ ಅದೆ. ನಿಮ್ಮಣ್ಣ ಚಾಮರಾಜನಗರದ ಅರಿಶಿನ ಮಂಡೀಲಿ ದಿನಾ ಕೂತೇ ಇರ್ತಿದ್ರು. ತಮ್ಮ ಪುಟ್ಟಮಲ್ಲಪ್ಪ ಹೊಲ ಉಳ್ತಾರೆ. ಅವರಿಗಿನ್ನೂ ಬಂದಿಲ್ಲ.”

“ಅಂಗಾರೆ ದುಡಿಯೋರ್ಗೆ ಬರಾಕಿಲ್ವ?”

“ಅವರಿಗೂ ಬರ್ಬೋದು, ಆದ್ರೆ ಕಮ್ಮಿ. ಅದಕ್ಕೇ ನಿಮ್ ತಮ್ಮ, ನಿಮ್ ಮಗಳು ಇಬ್ರೂ ಆಗಾಗ ಪರೀಕ್ಷೆ ಮಾಡಿಸ್ಬೇಕು.”

“ಅಯ್ಯೋ, ಮಗಳ್ಗೂ ನಾನೇ ಕೊಟ್ಬುಟ್ನಾ?”

“ನಿಮ್ ತಪ್ಪೇನದೆ ಇದ್ರಲ್ಲಿ? ಹೆಂಗ್ ಉಣ್ಬೇಕು, ಹೆಂಗ್ ಬಾಳ್ಬೇಕು ಅಂತ ಅವಳಿಗೆ ಕಲಿಸೋರೂ ನೀವೇ. ಇಲ್ಲಿ ದೂರ ಕೂತ್ರೆ ಯಾರು ಕಲಿಸ್ತಾರೆ?”

ಅಷ್ಟರಲ್ಲಿ ಮಗಳು ಚಿಕ್ಕಮಲ್ಲಮ್ಮ ಬಾಗಿಲಿಗೆ ಬಂದಳು. “ಅವ್ವಾ, ಬಿಸ್ನೀರು ಕಾದದೆ. ದಿನಾ ನೀರುಯ್ಯೋಳು ಇವತ್ತು ಬಂದಿಲ್ಲ, ಮಗೀಗೆ ನೀರುಯ್ಯಾಕೆ ನಂಗೆ ಎದ್ರಿಕೆ ಕಣವ್ವ.”

ಗುರುಮಲ್ಲಮ್ಮ ಎದ್ದಳು. ಬಚ್ಚಲಲ್ಲಿ ಕಾಲು ನೀಡಿ ಕೂತು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡಳು. ಅಳು ತಡೆಯಲಾಗಲಿಲ್ಲ.

“ಇಪ್ಪತ್ ದಿನ ಸುಮ್ನೆ ಕಳ್ಕಂಡ್ನಲ್ಲ ಕಣಮ್ಮಿ” ಅಂದಳು ಮಗುವಿನ ಮುಖ ನೋಡಿ.

ನಿಮ್ಮ ಹೆತ್ತವರಿಗೆ, ಒಡಹುಟ್ಟಿದವರಿಗೆ ಈ ಕಾಯಿಲೆ ಇದೆಯೇ? ನೀವೂ ಪರೀಕ್ಷೆ ಮಾಡಿಸಿಕೊಳ್ಳಿ. ಬಾಯಿ ಕಟ್ಟಿ, ಮೈ ಬಗ್ಗಿಸಿ. ಕಾಯಿಲೆಗೆ ಹೆದರಿ ಯಾರಾದರೂ ಮೂಲೆ ಸೇರಿದ್ದರೆ ಇವತ್ತೇ ಹೋಗಿ ಕೈ ಹಿಡಿದು ಕರೆತನ್ನಿ.