ಆನೆಗೆ ಮೀಸಲಿಟ್ಟ ಹಲಸಿನ ಹಣ್ಣು

ಕೈಲಾಂಚದ ಕಡೆ ಆನೆ ಬಂದುಹೋಗುವುದು ಹೊಸ ಸುದ್ದಿಯಲ್ಲ. ಬೆಳಗ್ಗೆ ಎದ್ದು ನೋಡಿದರೆ ರಾಗಿ ಹೊಲದಲ್ಲಿ ಮೊರದಗಲದ ಹೆಜ್ಜೆ, ಮುರಿದು ಬಿದ್ದ ಬಾಳೆ, ಅಪ್ಪಚ್ಚಿಯಾದ ನೀರಿನ ಪೈಪು. ಆದರೆ ಹೋದ ವರ್ಷ ಮಾಯಮ್ಮನ ಮನೆಗೆ ಬಂದ ಸುದ್ದಿಯೇ ಬೇರೆ.

ಅವಳ ಗಂಡ ರಾಮಲಿಂಗಯ್ಯ ರೇಷ್ಮೆ ಹುಳುವಿಗೆ ಸೊಪ್ಪು ಕೊಯ್ಯಲು ನಸುಕಿನಲ್ಲೇ ತೋಟಕ್ಕೆ ಹೋಗಿದ್ದ. ಬಗ್ಗಿ ಕೊಯ್ಯುತ್ತಿದ್ದವನು ತಲೆ ಎತ್ತಿದರೆ, ಮೂರು ಮಾರು ದೂರದಲ್ಲಿ ಒಂಟಿ ಆನೆ. ಕುಡುಗೋಲು ಕೈಯಿಂದ ಜಾರಿತು. ನಿಂತಲ್ಲೇ ನಿಂತುಬಿಟ್ಟ. ಆನೆ ಒಂದಷ್ಟು ಹೊತ್ತು ಅವನನ್ನು ನೋಡಿತು. ಮಣ್ಣು ಎತ್ತಿ ತನ್ನ ಬೆನ್ನಿಗೆ ಎರಚಿಕೊಂಡಿತು. ತಿರುಗಿ ಹೊರಟುಹೋಯಿತು.

ಅವತ್ತೇ ಮಾಯಮ್ಮ ಹರಕೆ ಹೊತ್ತಳು. ಹಿತ್ತಲ ಹಲಸು ಇನ್ನೂ ಒಂದೂ ಕಾಯಿ ಬಿಟ್ಟಿರಲಿಲ್ಲ. ಅದು ಬಿಡುವ ಮೊದಲ ಹಣ್ಣು ಆನೆಗೇ, ಅದೂ ತನ್ನ ಕೈಯಾರೆ. ಹರಕೆ ತಪ್ಪಿದರೆ ಅವತ್ತು ಉಳಿದ ಜೀವಕ್ಕೆ ಏನಾಗುತ್ತದೋ ಎನ್ನುವ ಹೆದರಿಕೆ ಅವಳ ಎದೆಯಲ್ಲಿ ಕೂತಿತು. ಈ ವರ್ಷ ಮರ ಕಾಯಿ ಬಿಟ್ಟಿತು. ಮೊದಲ ಕಾಯಿಗೆ ಅರಿಶಿನದ ದಾರ ಕಟ್ಟಿ ಕಾಯುತ್ತ ಕೂತಳು.

ಅದೇ ಹೊತ್ತಿಗೆ ಅವರ ಮಹಿಳಾ ಸಂಘದ ಅಧ್ಯಕ್ಷೆ ಮಮತಾ ಸಭೆಯಲ್ಲಿ ಹೇಳಿದಳು, “ಈ ಸಲ ಪ್ರವಾಸಕ್ಕೆ ಕಾಡಿಗೆ ಹೋಗಾನ. ಸಫಾರಿ!”

ಮಾಯಮ್ಮನಿಗೆ ನಗು ತಡೆಯಲಾಗಲಿಲ್ಲ. “ನಿಂಗೆ ತಲೆ ಕೆಟ್ಟದಾ ಮಮತಾ? ಆನೆ ನಮ್ಮ ಬಾಗ್ಲಿಗೇ ಬತ್ತದೆ. ಅದ ನೋಡಕ್ಕೆ ಗಾಡಿ ಮಾಡ್ಕಂಡು ಹೋಗ್ಬೇಕಾ? ಕಾರಲ್ಲಿ ಬರೋ ಸಾವ್ಕಾರ್ರ ಶೋಕಿ ಅದು.”

“ಅದೇ ದೊಡ್ಡವ್ವ ತಪ್ಪು,” ಎಂದಳು ವನಜಾಕ್ಷಿ. ಅದೇ ಊರಿನ ಕುರಿ ಸಾಕುವ ಮನೆಯ ಹುಡುಗಿ, ನಾಲ್ಕು ವರ್ಷದಿಂದ ಸಫಾರಿ ಗಾಡಿಯಲ್ಲಿ ಗೈಡು. “ಕಾಡಿನ ಬೇಲಿ ಪಕ್ಕ ಬದುಕೋರು ನಾವು. ಬೆಳೆ ಕಳ್ಕಳೋರು ನಾವು. ಆನೇನ ಅದರ ಮನೇಲಿ ನೆಮ್ಮದಿಯಾಗಿ ನೋಡೋ ಭಾಗ್ಯ ಮಾತ್ರ ರೆಸಾರ್ಟಿನೋರಿಗಾ? ನಾವು ನೋಡಿರೋದೆಲ್ಲ ಹೆದರ್ಕಂಡು ಓಡೋ ಆನೇನ, ಹೆದರ್ಸೋ ಆನೇನ.”

ಮಾಯಮ್ಮನ ತಲೆಯಲ್ಲಿ ಬೇರೆಯದೇ ಲೆಕ್ಕ ಶುರುವಾಗಿತ್ತು. ಸಫಾರಿ ಎಂದರೆ ಆನೆಯ ಹತ್ತಿರ ಹೋಗುವುದು. ಗಾಡಿಯಲ್ಲಿ ಕೂತೇ. “ಆಯ್ತು, ನಾನೂ ಬತ್ತೀನಿ,” ಎಂದುಬಿಟ್ಟಳು. ಇಷ್ಟು ಬೇಗ ಒಪ್ಪಿದ್ದು ಕಂಡು ಮಮತಾಗೇ ಅನುಮಾನ.

ಯೋಜನೆ ಹಾಕಲು ಕೂತಾಗ ಒಬ್ಬರಿಗೆ ಚನ್ನಪಟ್ಟಣದ ಗೊಂಬೆ ಬೇಕು, ಇನ್ನೊಬ್ಬರಿಗೆ ಸಾವನದುರ್ಗ ಹತ್ತಬೇಕು, ಮತ್ತೊಬ್ಬರಿಗೆ ರಾಮದೇವರ ಬೆಟ್ಟದ ರಣಹದ್ದು ಕಾಣಬೇಕು. ವನಜಾಕ್ಷಿ ಕೈ ಅಡ್ಡ ಹಿಡಿದಳು. “ಒಂದೇ ದಿನಕ್ಕೆ ಎಲ್ಲಾ ತುರುಕಿದ್ರೆ ಬಸ್ಸಿನ ಸೀಟು ಬುಟ್ಟು ಬೇರೇನೂ ನೋಡಕ್ಕಾಗಲ್ಲ. ಈ ಸಲ ಕನಕಪುರದ ದಿಕ್ಕು. ಬೆಳಗ್ಗೆ ಸಫಾರಿ, ಮಧ್ಯಾಹ್ನ ಸಂಗಮದಲ್ಲಿ ಊಟ. ಮೊದ್ಲೇ ಫೋನ್ ಮಾಡಿ ಸೀಟು ಹೇಳಿರ್ಬೇಕು, ಆಧಾರ್ ಕಾರ್ಡು ಇರ್ಲಿ. ಮಣ್ಣಿನ ಬಣ್ಣದ ಸೀರೆ ಉಡಿ. ಮಲ್ಲಿಗೆ ಬ್ಯಾಡ, ಸೆಂಟು ಬ್ಯಾಡ. ಗಾಡಿ ಒಳಕ್ಕೆ ತಿನ್ನೋದು ಒಂದು ಕಾಳೂ ತರಂಗಿಲ್ಲ.”

“ಕಡ್ಲೇಕಾಯೂ ಬ್ಯಾಡ್ವಾ?” ಎಂದಳು ಸಂಘದ ರೋಶನ್ ಬೀ.

“ಬ್ಯಾಡ.”

“ಅಯ್ಯೋ, ಬಾಯಿ ಆಡಿಸ್ದೆ ನಾನು ಬದುಕಿರೋದೆಂಗೆ?”

“ಬಾಯಿ ಮುಚ್ಚಿದ್ರೇನೇ ರೋಶನಕ್ಕ, ಕಾಡು ಮಾತಾಡೋದು.”

ಹೊರಟ ದಿನ ಮಿನಿ ಬಸ್ಸು ಊರು ದಾಟುವ ಮೊದಲೇ ಘಮಘಮ ಶುರುವಾಯಿತು. ಮಾಯಮ್ಮ ಕಾಲಡಿಯ ಅಕ್ಕಿ ಚೀಲಕ್ಕೆ ಹಳೆಯ ಕಂಬಳಿ ಹೊದಿಸಿ ಅದರ ಮೇಲೆ ಕಾಲಿಟ್ಟು ಕೂತಿದ್ದಳು.

“ಯಾರೋ ಹಲಸಿನಣ್ಣು ಮೈಗೆ ಪೂಸ್ಕಂಡು ಬಂದವ್ರೆ,” ಎಂದಳು ರೋಶನ್ ಬೀ.

“ರಸ್ತೆ ಪಕ್ಕ ಮರ ಇರ್ಬೋದು ಕಣೆ.”

“ಕನಕಪುರದ ಗಂಟ ಒಂದೇ ಮರ ಬತ್ತಾ ಐತಾ ಮಾಯಕ್ಕ, ಬಸ್ ಜೊತೇಲೆ?”

ಬಸ್ಸೆಲ್ಲ ನಕ್ಕಿತು. ಮಾಯಮ್ಮ ಮಾತ್ರ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಕಾಡಿನ ಗೇಟಿನಲ್ಲಿ ಸಫಾರಿ ಗಾಡಿ ಹತ್ತುವಾಗ ವನಜಾಕ್ಷಿ ಮೂಗರಳಿಸಿ ನೇರ ಬಂದು ಚೀಲದ ಬಾಯಿ ಬಿಚ್ಚಿದಳು. ಮಾಯಮ್ಮ ಚೀಲವನ್ನು ಎದೆಗೆ ಅವಚಿಕೊಂಡಳು.

“ಮುಟ್ಟಬ್ಯಾಡ! ಇದು ಮೀಸಲು. ನಿಮ್ ದೊಡ್ಡಪ್ಪನ್ನ ಬದುಕಿಸಿದ್ದಕ್ಕೆ ನಾನು ಹೊತ್ತಿರೋ ಹರಕೆ. ನಿಮ್ಮಪ್ಪ ದೇವ್ರಿಗೆ ಮರಿ ಬುಡಾಕಿಲ್ವಾ? ಹಂಗೇ ಇದು. ಹಣ್ಣು ಕೊಡೋದು ಯಾವ ಪಾಪ ಹೇಳು!”

ವನಜಾಕ್ಷಿ ಅವಳ ಕೈ ಹಿಡಿದು ಗೇಟಿನ ಪಕ್ಕದ ಟಾರು ರಸ್ತೆಯ ಅಂಚಿಗೆ ಕರೆದೊಯ್ದಳು. ಅಲ್ಲಿ ಒಣಗುತ್ತಿದ್ದ ಆನೆ ಲದ್ದಿಯ ಗುಡ್ಡೆ.

“ಕೊಟ್ಟಿಗೇಲಿ ಸಗಣಿ ನೋಡಿ ಹಸುಗೆ ಏನಾಗದೆ ಅಂತ ಹೇಳೋಳು ನೀನು. ಇದ ನೋಡಿ ಒಸಿ ಹೇಳು.”

ಮಾಯಮ್ಮ ಕಡ್ಡಿಯಿಂದ ಲದ್ದಿ ಒಡೆದಳು. ಬಿದಿರಿನ ನಾರು. ತೊಗಟೆ. ಯಾವುದೋ ಕಾಡುಹಣ್ಣಿನ ಬೀಜ, ಅದರಲ್ಲೊಂದು ಆಗಲೇ ಮೊಳಕೆ ಬಿಟ್ಟಿತ್ತು. “ಒಳ್ಳೆ ಮೇವು ತಿಂದೈತೆ,” ಎಂದಳು. ಇನ್ನೊಂದು ಉಂಡೆ ಒಡೆದಳು. ಕಡ್ಡಿಗೆ ಬೆಳ್ಳಗೆ ಏನೋ ಸಿಕ್ಕಿತು. ಎಳೆದಳು. ಚಿಪ್ಸ್ ಪೊಟ್ಟಣ. ಇನ್ನೂ ಎಳೆದಳು. ಒಂದು ಪ್ಲಾಸ್ಟಿಕ್ ಕವರು, ಬಾಯಿಗೆ ಹಾಕಿದ ಗಂಟು ಬಿಚ್ಚಿಯೂ ಇರಲಿಲ್ಲ. ಅಷ್ಟು ದೊಡ್ಡ ಹೊಟ್ಟೆಯ ಒಳಗಿನಿಂದ ಗಂಟು ಗಂಟಾಗಿಯೇ ಬಂದಿತ್ತು.

ಹಸುವಿನ ಹೊಟ್ಟೆಯಲ್ಲಿ ಕವರು ಕಟ್ಟಿಕೊಂಡರೆ ಏನಾಗುತ್ತದೆಂದು ಮಾಯಮ್ಮನಿಗೆ ಗೊತ್ತು. ಮೂರು ವರ್ಷದ ಹಿಂದೆ ಅವಳ ಗಬ್ಬದ ಹಸು ಹಾಗೇ ಹೊಟ್ಟೆ ಉಬ್ಬರಿಸಿ ಸತ್ತಿತ್ತು.

“ಇದನ್ನೂ ಯಾರೋ ಪುಣ್ಯ ಬರ್ಲಿ ಅಂತ ಕೈಮುಗ್ದೇ ಎಸ್ದಿರ್ತಾರೆ ದೊಡ್ಡವ್ವ. ಬರೀ ಹಣ್ಣೇ ಕೊಟ್ರೂ ಅಷ್ಟೇ. ಇವತ್ತು ಗಾಡಿಯಿಂದ ಹಣ್ಣು ತಿಂದ ಆನೆ ನಾಳೆ ಎಲ್ಲಾ ಗಾಡಿಗೂ ಸೊಂಡ್ಲು ಹಾಕ್ತದೆ. ರುಚಿ ಹುಡುಕ್ಕಂಡು ಊರಿಗೆ ಬತ್ತದೆ. ಆಮ್ಯಾಕೆ ಅದ್ಕೆ ಪುಂಡಾನೆ ಅಂತ ಹೆಸರು, ಮತ್ತಿನ ಸೂಜಿ, ಲಾರಿ. ಎಸ್ದೋನಿಗೆ ಫೋನಲ್ಲಿ ಲೈಕು, ತಿಂದಿದ್ದಕ್ಕೆ ಸರಪಳಿ. ದೊಡ್ಡಪ್ಪನ್ನ ಬುಟ್ಟು ಹೋದ ಆನೆಗೆ ಸರಪಳಿ ಹಾಕ್ಸೋ ಹರಕೇನಾ ನಿಂದು?”

ಆ ಮಾತು ಕೆನ್ನೆಗೆ ಬಿದ್ದ ಹಾಗಾಯಿತು. ಮಾಯಮ್ಮ ಚೀಲವನ್ನು ಗೇಟಿನ ಕೋಣೆಯಲ್ಲಿಟ್ಟಳು. ಆದರೆ ಗಾಡಿ ಹತ್ತುತ್ತ ಕೇಳಿದಳು, “ಹರಕೆ ತೀರದೆ ಹೋದ್ರೆ ನಿಮ್ ದೊಡ್ಡಪ್ಪಂಗೆ ಏನಾದ್ರೂ ಆದ್ರೆ?” ವನಜಾಕ್ಷಿ ಅವಳ ಕೈ ಒತ್ತಿ ಹಿಡಿದಳು.

ಮುಕ್ಕಾಲು ಗಂಟೆ ಏನೂ ಕಾಣಲಿಲ್ಲ. ರೋಶನ್ ಬೀ ಕೂಡ ತುಟಿ ಬಿಚ್ಚಲಿಲ್ಲ. ಆಮೇಲೆ ಬಿದಿರು ಮೆಳೆಯೊಳಗೆ ಫಟ್ ಎಂದು ಒಂದು ಸದ್ದು. ಡ್ರೈವರು ಎಂಜಿನ್ ಆರಿಸಿದ.

ಮೆಳೆ ಎರಡಾಗಿ ಸರಿಯಿತು. ಮೊದಲು ಒಂದು ಹೆಣ್ಣಾನೆ. ಅದರ ಹಿಂದೆ ಎರಡು. ಅವುಗಳ ಕಾಲುಗಳ ನಡುವೆ ಸೊಂಡಿಲನ್ನು ಏನು ಮಾಡುವುದೆಂದೇ ಗೊತ್ತಿಲ್ಲದ ಒಂದು ಮರಿ. ಅಷ್ಟು ಭಾರದ ಮೈ, ಒಣಗಿದ ಎಲೆಯ ಮೇಲೆ ನಡೆದರೂ ಹೆಜ್ಜೆಯ ಸದ್ದಿಲ್ಲ. ಕೇಳಿದ್ದು ಹೊಟ್ಟೆಯೊಳಗಿನ ಗುಡುಗುಡು ಮಾತ್ರ, ಗೋಡೆಯಾಚೆ ಯಾರೋ ರಾಗಿ ಬೀಸಿದ ಹಾಗೆ.

ಮುಂದಿನ ಹೆಣ್ಣಾನೆ ನಿಂತಿತು. ಸೊಂಡಿಲೆತ್ತಿ ಗಾಳಿ ಮೂಸಿತು. ಸೊಂಡಿಲ ತುದಿ ಒಬ್ಬೊಬ್ಬರನ್ನೇ ದಾಟಿ ಬಂದು ಮಾಯಮ್ಮನ ಕಡೆಗೆ ನೆಟ್ಟಿತು. ಅವಳ ಅಂಗೈಯಲ್ಲಿ ಹಲಸಿನ ಮೇಣ ಇನ್ನೂ ಅಂಟಿತ್ತು. ಆನೆ ಒಂದು ಹೆಜ್ಜೆ ಮುಂದಿಟ್ಟಿತು. ಮಾಯಮ್ಮನಿಗೆ ಅದರ ಕಣ್ಣು ಕಂಡಿತು, ರೆಪ್ಪೆಯ ಉದ್ದನೆಯ ಕೂದಲು ಕಂಡಿತು. ಹಣ್ಣು ಈಗ ಮಡಿಲಲ್ಲಿದ್ದಿದ್ದರೆ! ಬರಿಗೈ ಮುಷ್ಟಿ ಮಾಡಿ ಸೆರಗಿನೊಳಗೆ ಬಚ್ಚಿಟ್ಟಳು.

ಆನೆ ಇನ್ನೊಮ್ಮೆ ಮೂಸಿತು. ಸಿಗುವುದೇನೂ ಇಲ್ಲವೆಂದು ಗೊತ್ತಾಗಿ ತಿರುಗಿತು. ಮನೆಯೆತ್ತರದ ಬಿದಿರನ್ನು ಹುಲ್ಲುಕಡ್ಡಿಯಂತೆ ಬಗ್ಗಿಸಿ, ಎಳೆಯ ತುದಿ ಮುರಿದು ಬಾಯಿಗಿಟ್ಟುಕೊಂಡಿತು. ಕಾಡಿಗೆ ಕಾಡೇ ಅದಕ್ಕೆ ಬಡಿಸಿತ್ತು. ಒಂದು ಚೀಲದ ಹಣ್ಣು ಹೊತ್ತು ತಂದ ತಾನೆಷ್ಟರವಳು ಎಂದು ಮಾಯಮ್ಮನ ಕಣ್ಣು ತುಂಬಿತು. ನೋಡನೋಡುತ್ತಿದ್ದಂತೆ ನಾಲ್ಕೂ ಮೈಗಳು ಹಸಿರಿನೊಳಗೆ ಇಲ್ಲವಾದವು.

ಗಾಡಿ ಮತ್ತೆ ಹೊರಟಾಗ ಮಾಯಮ್ಮ ಪಿಸುಗುಟ್ಟಿದಳು, “ವನಜ, ಅವತ್ತು ಆನೆ ನಮ್ಮೋರನ್ನ ಬುಟ್ಟು ಹೋಯ್ತು. ಇವತ್ತು ನಾನು ಆನೇನ ಅದರ ಪಾಡಿಗೆ ಬುಟ್ಟೆ.”

ಗೇಟಿಗೆ ಮರಳಿ ಕೈಗೆ ಎಣ್ಣೆ ಸವರಿಕೊಂಡು ತಾನೇ ಹಣ್ಣು ಬಿಡಿಸಿದಳು. ಮೊದಲ ತೊಳೆಗಳು ಮಳೆ ಬಿಸಿಲೆನ್ನದೆ ಕಾಡು ಕಾಯುವ ವಾಚರುಗಳಿಗೆ. ಆಮೇಲೆ ಉಳಿದವರಿಗೆ. ಸಿಪ್ಪೆಯನ್ನೂ ಅಲ್ಲಿ ಬಿಡದೆ ಕಟ್ಟಿ ಬಸ್ಸಿಗೆ ಹಾಕಿಸಿದಳು.

ಚೀಲ ಖಾಲಿಯಾಯಿತಲ್ಲ, ಸಂಗಮದಲ್ಲಿ ಊಟ ಮುಗಿದ ಮೇಲೆ ಅದನ್ನೇ ಹಿಡಿದು ಹೊಳೆಯ ದಡಕ್ಕೆ ಇಳಿದಳು. ದಡದ ತುಂಬ ಬಾಟಲಿ, ಲೋಟ, ಕವರು. ಆನೆ ನೀರಿಗೆ ಬರುವ ದಾರಿ ಅದು. ಒಂದೊಂದೇ ಆಯ್ದು ಚೀಲಕ್ಕೆ ತುಂಬತೊಡಗಿದಳು. ಅಲ್ಲಿ ಕಾರಿನ ಬಾಗಿಲು ತೆರೆದು ಹಾಡು ಹಾಕಿಕೊಂಡಿದ್ದ ಗಂಡಸೊಬ್ಬ ಬಾಟಲಿ ಎಸೆದ.

“ಏಯ್, ಎತ್ಕಳಯ್ಯ ಅದ!” ಎಂದಳು ಮಾಯಮ್ಮ. “ನಿಮ್ಮನೆ ಅನ್ನದ ತಪ್ಪಲೆಗೆ ಹಿಂಗೇ ಎಸಿತೀಯಾ?” ಹಿಂದೆ ಹದಿನೈದು ಹೆಂಗಸರು ನಿಂತಿದ್ದರು. ಅವನು ಎತ್ತಿಕೊಂಡ. ಹಾಡೂ ನಿಂತಿತು.

ಸಂಜೆ ಮನೆ ಬಾಗಿಲಲ್ಲೇ ರಾಮಲಿಂಗಯ್ಯ ಕೇಳಿದ, “ಹರಕೆ ತೀರ್ತಾ?”

ಮಾಯಮ್ಮ ಚೀಲದ ಬಾಯಿ ಬಿಚ್ಚಿ ತೋರಿಸಿದಳು. “ಇಷ್ಟು ಅದ್ರ ಹೊಟ್ಟೆಗೆ ಹೋಗ್ದಂಗೆ ಮಾಡ್ಬಂದೆ. ತೀರ್ತು.” ಅವನು ಚೀಲ ನೋಡಿದ, ಅವಳ ಮುಖ ನೋಡಿದ. “ಮುಂದ್ಲ ಸಲ ನಾನೂ ಬತ್ತೀನಿ,” ಎಂದ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಈ ಕಾಡು ದೊಡ್ಡ ಕಾರಿನವರ ಮೋಜಿಗೆ ಮಾತ್ರ ಇರುವುದಲ್ಲ. ನೀವೂ ಹೋಗಿ, ಮಕ್ಕಳನ್ನೂ ಕರೆದೊಯ್ಯಿರಿ. ಹೊರಡುವ ಮೊದಲೇ ವಿಚಾರಿಸಿ ಸೀಟು ಕಾದಿರಿಸಿ, ಒಂದು ದಿನಕ್ಕೆ ಒಂದು ದಿಕ್ಕು ಸಾಕು. ಗಾಡಿಯಿಂದ ಇಳಿಯಬೇಡಿ, ಕೂಗಬೇಡಿ. ಭಕ್ತಿಯಿಂದಲೂ ಕಾಡುಪ್ರಾಣಿಗೆ ಒಂದು ತುತ್ತೂ ಕೊಡಬೇಡಿ. ತಂದ ಕಸ ನಿಮ್ಮದೇ, ವಾಪಸ್ಸು ತನ್ನಿ; ಎಸೆಯುವವನನ್ನು ಕಂಡರೆ ಮಾಯಮ್ಮನ ಹಾಗೆ ಗದರಿ. ಕಾಡಿಗೆ ಹೋಗುವಾಗ ಕೈ ಬರಿದಾಗಿರಲಿ. ಬರುವಾಗ ಕಣ್ಣು ತುಂಬಿರುತ್ತದೆ.